ಶಿಕ್ಷಕರ ಮನೋಭಾವ ಮತ್ತು ಕಲಿಕೆಯ ಪ್ರೇರಣೆ

ಶಿಕ್ಷಕರ ಮನೋಭಾವ ಎಂದರೆ ವಿದ್ಯಾರ್ಥಿಯ ಸಾಮರ್ಥ್ಯ, ಭಾಷೆ ಹಾಗೂ ನಡವಳಿಕೆಯ ಕುರಿತು ಶಿಕ್ಷಕರು ಹೊಂದಿರುವ ನಂಬಿಕೆ, ನಿರೀಕ್ಷೆ ಮತ್ತು ಭಾವನೆಗಳ ಒಟ್ಟು ರೂಪ. ಇದು ತರಗತಿಯಲ್ಲಿನ ವರ್ತನೆಯ ಮೂಲಕ ಮಗುವನ್ನು ತಲುಪಿ, ಕಲಿಕೆಯ ಪ್ರೇರಣೆಯನ್ನು ಹೆಚ್ಚಿಸಬಲ್ಲದು ಅಥವಾ ಕುಗ್ಗಿಸಬಲ್ಲದು.

ನಿರೀಕ್ಷೆಯ ಪರಿಣಾಮ

ಈ ವಿಷಯದ ಪ್ರಸಿದ್ಧ ಅಧ್ಯಯನವನ್ನು ಅಮೆರಿಕದ ರಾಬರ್ಟ್ ರೋಸೆಂತಾಲ್ ಮತ್ತು ಲೆನೋರ್ ಜೇಕಬ್ಸನ್ 1968ರಲ್ಲಿ ಪ್ರಕಟಿಸಿದರು. ಒಂದು ಪ್ರಾಥಮಿಕ ಶಾಲೆಯ ಶೇ. 20ರಷ್ಟು ಮಕ್ಕಳನ್ನು ಯಾದೃಚ್ಛಿಕವಾಗಿ ಆರಿಸಿ, ಇವರು ಬೇಗನೆ ಪ್ರಗತಿ ತೋರುವರೆಂದು ಶಿಕ್ಷಕರಿಗೆ ತಿಳಿಸಲಾಯಿತು. ಮುಂದಿನ ಬುದ್ಧಿಪರೀಕ್ಷೆಯಲ್ಲಿ, ಮುಖ್ಯವಾಗಿ 1 ಮತ್ತು 2ನೇ ತರಗತಿಗಳಲ್ಲಿ, ಈ ಮಕ್ಕಳ ಅಂಕಗಳು ಉಳಿದವರಿಗಿಂತ ಹೆಚ್ಚು ಏರಿದ್ದವು. ಇದನ್ನು ಪಿಗ್ಮೇಲಿಯನ್ ಪರಿಣಾಮ ಎನ್ನುತ್ತಾರೆ. ಬಳಸಿದ ಪರೀಕ್ಷೆಯ ವಿಶ್ವಾಸಾರ್ಹತೆಯನ್ನು ರಾಬರ್ಟ್ ಥಾರ್ನ್‌ಡೈಕ್ ಪ್ರಶ್ನಿಸಿದರು. ಈ ಪರಿಣಾಮವು ಸಾಮಾನ್ಯವಾಗಿ ಚಿಕ್ಕದು, ಆದರೆ ಕೀಳಾಗಿ ಕಾಣಲ್ಪಟ್ಟ ಸಮುದಾಯಗಳ ಮಕ್ಕಳಲ್ಲಿ ಹೆಚ್ಚಾಗಿರಬಹುದು ಎಂದು ಜಸಿಮ್ ಮತ್ತು ಹಾರ್ಬರ್ 2005ರ ಸಮೀಕ್ಷೆಯಲ್ಲಿ ನಿರೂಪಿಸಿದರು.

ಮನೆಮಾತು ಮತ್ತು ಮನೋಭಾವ

ನೆಟ್ಟಣ ಸೇರಿದಂತೆ ಪುತ್ತೂರು, ಸುಳ್ಯ ಮತ್ತು ಕಡಬ ಪರಿಸರದಲ್ಲಿ ತುಳು ವ್ಯಾಪಕವಾದ ಮನೆಮಾತು. ಅರೆಭಾಷೆ, ಬ್ಯಾರಿ, ಮಲಯಾಳ, ಕೊಂಕಣಿ ಮತ್ತು ಹವ್ಯಕ ಕನ್ನಡಗಳೂ ಬಳಕೆಯಲ್ಲಿವೆ. ಹೀಗಾಗಿ ಅನೇಕ ಮಕ್ಕಳಿಗೆ ಒಂದನೇ ತರಗತಿಯ ಪಠ್ಯದ ಕನ್ನಡವು ಮನೆಯ ನುಡಿಗಿಂತ ಬೇರೆಯಾಗಿರುತ್ತದೆ. ಉತ್ತರಿಸದ ಮಗುವಿನ ಮೌನವನ್ನು ದಡ್ಡತನವೆಂದು ಭಾವಿಸುವ ಶಿಕ್ಷಕರು ಕ್ರಮೇಣ ಅದಕ್ಕೆ ಪ್ರಶ್ನೆ ಕೇಳುವುದನ್ನೇ ಕಡಿಮೆ ಮಾಡಬಹುದು. ಅವಕಾಶ ತಪ್ಪಿದ ಮಗು ಹಿಂದುಳಿದಾಗ, ಮೊದಲಿನ ತಪ್ಪು ಊಹೆಯೇ ನಿಜವೆಂಬಂತೆ ತೋರುತ್ತದೆ. ಅದೇ ಮೌನವನ್ನು ಭಾಷೆಯ ಅಪರಿಚಯವೆಂದು ತಿಳಿಯುವ ಶಿಕ್ಷಕರು ಮನೆಮಾತಿನಲ್ಲಿ ಉತ್ತರಿಸಲು ಬಿಟ್ಟು, ಅನಂತರ ಕನ್ನಡದ ಪದವನ್ನು ಒದಗಿಸುತ್ತಾರೆ. ಆಗ ಮಗುವಿಗೆ ತನಗೂ ಉತ್ತರ ಗೊತ್ತಿದೆ ಎಂಬ ವಿಶ್ವಾಸ ಮೂಡುತ್ತದೆ.

ಕರ್ನಾಟಕದ ಪ್ರಯತ್ನಗಳು

ಕೆ. ಶಿವರಾಮ ಕಾರಂತರು (1902–1997) ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಮಗು ಕಲಿಕಾ ಏಣಿಯ ಮೆಟ್ಟಿಲುಗಳನ್ನು ತನ್ನದೇ ವೇಗದಲ್ಲಿ ಏರುತ್ತದೆ. ನಿಧಾನವಾಗಿ ಕಲಿಯುವುದನ್ನು ಇಲ್ಲಿ ಸೋಲೆಂದು ಪರಿಗಣಿಸುವುದಿಲ್ಲ.

ಕಾನೂನು

ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಕಲಮು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಆದರೆ ಮಗುವನ್ನು ಗದರಿಸದೆ ಕೇವಲ ಕಡೆಗಣಿಸುವ ಮನೋಭಾವವನ್ನು ಕಾನೂನಿನಿಂದ ಗುರುತಿಸುವುದು ಕಷ್ಟ. ಯಾವ ಮಗುವಿಗೆ ಎಷ್ಟು ಬಾರಿ ಪ್ರಶ್ನೆ ಕೇಳಲಾಯಿತು, ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯಲಾಯಿತು ಎಂಬುದನ್ನು ಶಿಕ್ಷಕರೇ ಗಮನಿಸುವುದು ಇದಕ್ಕೆ ಒಂದು ಸರಳ ಉಪಾಯ.