ಕೊಬ್ಬಿಗೆ ಅಂಟಿದ ಪ್ರೋಟೀನ್

ಜಪಾನಿನ ಒಕಾಜಾಕಿಯಲ್ಲಿ ಮೂಲ ಜೀವವಿಜ್ಞಾನದ ರಾಷ್ಟ್ರೀಯ ಸಂಸ್ಥೆಯೊಂದಿದೆ. 1990ರ ದಶಕದ ಕೊನೆಯಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದ ಯುವ ವೈದ್ಯ ನೊಬೊರು ಮಿಜುಶಿಮಾ ಯೀಸ್ಟಿನ ಒಂದು ಪ್ರೋಟೀನನ್ನು, ತೂಕಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿ ನೋಡಿದಾಗ ಒಂದರ ಬದಲು ಎರಡು ಪಟ್ಟಿಗಳು ಕಂಡವು. ಒಂದು ಸುಮಾರು 30 ಕಿಲೋಡಾಲ್ಟನ್ ತೂಕದ ಬಳಿ, ಇರಬೇಕಾದ ಜಾಗದಲ್ಲೇ ಇತ್ತು. ಇನ್ನೊಂದು ಬಹಳ ಮೇಲೆ, 70ರ ಹತ್ತಿರ. ಜೆಲ್‌ಗೆ ಹಾಕುವ ಮೊದಲು ಮಾರ್ಜಕ ಬೆರೆಸಿ ಕುದಿಸುತ್ತಾರೆ. ಸುಮ್ಮನೆ ಒಂದಕ್ಕೊಂದು ಅಂಟಿಕೊಂಡ ಪ್ರೋಟೀನ್‌ಗಳು ಆಗ ಬೇರೆಯಾಗುತ್ತವೆ. ಇದು ಬೇರೆಯಾಗಿರಲಿಲ್ಲ. ಅಂದರೆ ಇನ್ನಾವುದೋ ಪ್ರೋಟೀನ್ ಇದಕ್ಕೆ ರಾಸಾಯನಿಕವಾಗಿ ಬೆಸೆದುಕೊಂಡಿತ್ತು.

ಆ ಎರಡನೆಯ ಪಟ್ಟಿಯ ಹಿಂದೆ ಹತ್ತು ವರ್ಷಗಳ ದುಡಿಮೆಯಿದೆ. ಮಿಜುಶಿಮಾ ಅವರ ಗುರು ಯೋಶಿನೋರಿ ಓಸುಮಿ 1988ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಸ್ವಂತ ಪ್ರಯೋಗಾಲಯ ತೆರೆದಾಗ ಅವರಿಗೆ 43 ವರ್ಷ. ಜೀವಕೋಶ ತನ್ನದೇ ಭಾಗಗಳನ್ನು ಪೊರೆಯಲ್ಲಿ ಸುತ್ತಿ ಜೀರ್ಣಿಸಿಕೊಳ್ಳುವ ಆಟೋಫೇಜಿ ಎಂಬ ಕ್ರಿಯೆ ಆಗಲೇ ಗೊತ್ತಿತ್ತು, ಆದರೆ ಅದನ್ನು ನಡೆಸುವವರು ಯಾರೆಂದು ಗೊತ್ತಿರಲಿಲ್ಲ. ಓಸುಮಿ ಯೀಸ್ಟನ್ನು ಆರಿಸಿಕೊಂಡರು. ಯೀಸ್ಟಿನ ಜೀರ್ಣಕಾರ್ಯ ನಡೆಯುವುದು ಅದರ ರಸದಾನಿಯಲ್ಲಿ. ಅಲ್ಲಿನ ಪ್ರೋಟೀನ್ ಕತ್ತರಿಸುವ ಕಿಣ್ವಗಳಿಲ್ಲದ ತಳಿಯನ್ನು ತಂದು, ಸಾರಜನಕ ಕೊಡದೆ ಹಸಿವಿಗೆ ಕೆಡವಿ, ಸಾಮಾನ್ಯ ಸೂಕ್ಷ್ಮದರ್ಶಕದಡಿ ಇಟ್ಟರು. ಕೆಲವೇ ಗಂಟೆಗಳಲ್ಲಿ ರಸದಾನಿಯ ತುಂಬ ದುಂಡನೆಯ ಚಿಕ್ಕ ಚೀಲಗಳು ಸೇರಿಕೊಂಡು ಒಂದೇ ಸಮನೆ ನಡುಗುತ್ತ ಓಡಾಡತೊಡಗಿದವು. ಜೀರ್ಣವಾಗಬೇಕಿದ್ದ ಸರಕು ಜೀರ್ಣವಾಗದೆ ಕಣ್ಣಿಗೆ ಬಿದ್ದಿತ್ತು. ದುಬಾರಿ ಉಪಕರಣ ಬೇಡಿದ ಪ್ರಯೋಗವಲ್ಲ ಇದು, ಸರಿಯಾದ ತಳಿಯನ್ನು ಆರಿಸಿದ ಜಾಣ್ಮೆ.

ಮುಂದೆ ಅವರ ವಿದ್ಯಾರ್ಥಿನಿ ಮಿಕಿ ಸುಕಾಡಾ ಈ ಚೀಲಗಳನ್ನು ಕಟ್ಟಲಾರದ ಯೀಸ್ಟ್‌ಗಳನ್ನು ಹುಡುಕಿದರು. 1993ರಲ್ಲಿ 15 ಜೀನ್‌ಗಳ ಪಟ್ಟಿ ಹೊರಬಂತು. ಇಂದು ಅವುಗಳಿಗೆ ಎಟಿಜಿ ಎಂಬ ಹೆಸರು ಮತ್ತು ಒಂದೊಂದು ಸಂಖ್ಯೆ. ಆದರೆ ಜೀನ್‌ಗಳನ್ನು ಓದಿದಾಗ ಹೆಚ್ಚಿನವು ಗೊತ್ತಿದ್ದ ಯಾವ ಪ್ರೋಟೀನನ್ನೂ ಹೋಲುತ್ತಿರಲಿಲ್ಲ. ಸುಳಿವು ಕೊಟ್ಟದ್ದು ಎಟಿಜಿ7. ಅದರ ಒಂದು ಭಾಗ ಯುಬಿಕ್ವಿಟಿನ್ ಕೆಲಸದ ಮೊದಲ ಕಿಣ್ವವನ್ನು ಹೋಲುತ್ತಿತ್ತು.

ಯುಬಿಕ್ವಿಟಿನ್ 76 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್. ಕೋಶ ಅದನ್ನು ಬೇರೆ ಪ್ರೋಟೀನ್‌ಗಳಿಗೆ ಗುರುತಿನ ಚೀಟಿಯಂತೆ ಬೆಸೆಯುತ್ತದೆ. ಹೆಚ್ಚಾಗಿ ಆ ಗುರುತು ಬಿದ್ದದ್ದು ನಾಶಕ್ಕೆ ಹೋಗುತ್ತದೆ. ಬೆಸುಗೆಗೆ ಮೂರು ಹಂತ. ಇ1 ಎಂಬ ಕಿಣ್ವ ಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ಯುಬಿಕ್ವಿಟಿನ್‌ನ ಕೊನೆಯ ಗ್ಲೈಸೀನನ್ನು ತನ್ನ ಸಿಸ್ಟೀನ್ ಮೇಲೆ ಕೂರಿಸಿಕೊಳ್ಳುತ್ತದೆ. ಇ2 ಅದನ್ನು ಇಸಿದುಕೊಳ್ಳುತ್ತದೆ. ಇ3 ಸರಿಯಾದ ಪ್ರೋಟೀನಿಗೆ ತಲುಪಿಸುತ್ತದೆ.

ಮಿಜುಶಿಮಾ ಕಂಡ ಎರಡನೆಯ ಪಟ್ಟಿ ಇದೇ ಹಾದಿ ಹಿಡಿದಿತ್ತು. ಅವರು ಓಡಿಸಿದ್ದು ಎಟಿಜಿ12. ಎಟಿಜಿ5 ಇಲ್ಲದ ಯೀಸ್ಟಿನಲ್ಲಿ ಮೇಲಿನ ಪಟ್ಟಿ ಮಾಯ. ಎಟಿಜಿ7 ಅಥವಾ ಎಟಿಜಿ10 ಇಲ್ಲದಿದ್ದರೂ ಮಾಯ. ಎಟಿಜಿ12ರ ಕಟ್ಟಕಡೆಯ ಗ್ಲೈಸೀನ್ ಒಂದನ್ನೇ ಕತ್ತರಿಸಿದರೂ ಬೆಸುಗೆ ಆಗಲಿಲ್ಲ, ಆಟೋಫೇಜಿಯೂ ನಿಂತಿತು. ಎಟಿಜಿ7 ಇ1ರ ಕೆಲಸ, ಎಟಿಜಿ10 ಇ2ರ ಕೆಲಸ ಮಾಡಿ ಎಟಿಜಿ12ನ್ನು ಎಟಿಜಿ5ರ ಒಂದು ಲೈಸೀನ್‌ಗೆ ಅಂಟಿಸುತ್ತಿದ್ದವು. ಎಟಿಜಿ12ರ ಅಮೈನೋ ಆಮ್ಲಗಳ ಸಾಲಿನಲ್ಲಿ ಯುಬಿಕ್ವಿಟಿನ್‌ನ ಹೋಲಿಕೆ ಇಲ್ಲವೆಂಬಷ್ಟು ಕಡಿಮೆ. ಮಡಿಚಿಕೊಂಡ ಆಕಾರ ಮಾತ್ರ ಅದೇ ಎಂದು ಮುಂದೆ ಹರಳುಗಳ ಅಧ್ಯಯನದಿಂದ ತಿಳಿಯಿತು. ಈ ಶೋಧ 1998ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು.

ನನಗೆ ಇದಕ್ಕಿಂತ ದೊಡ್ಡದೆನಿಸುವುದು ಎರಡು ವರ್ಷದ ನಂತರದ ಶೋಧ. ಅದೇ ಪ್ರಯೋಗಾಲಯದ ಯೋಶಿನೊಬು ಇಚಿಮುರಾ ಎಟಿಜಿ8ನ್ನು ಬೆನ್ನುಹತ್ತಿದ್ದರು. ಅದರ ತುದಿಯ ಆರ್ಜಿನೀನನ್ನು ಎಟಿಜಿ4 ಕತ್ತರಿಸುತ್ತದೆ, ಆಗ ಗ್ಲೈಸೀನ್ ತೆರೆದುಕೊಳ್ಳುತ್ತದೆ. ಅದೇ ಎಟಿಜಿ7 ಅದನ್ನು ಎತ್ತಿಕೊಂಡು ಎಟಿಜಿ3 ಎಂಬ ಬೇರೊಂದು ಇ2ಗೆ ಕೊಡುತ್ತದೆ. ಆಮೇಲೆ? ಯೂರಿಯಾ ಬೆರೆಸಿದ ಜೆಲ್‌ನಲ್ಲಿ ಎಟಿಜಿ8ರ ಎರಡನೆಯ ಪಟ್ಟಿ ಮೇಲೆ ಉಳಿಯಲಿಲ್ಲ, ಮೊದಲಿನದಕ್ಕಿಂತ ಕೆಳಗೆ ಇಳಿದಿತ್ತು. ಇನ್ನೊಂದು ಪ್ರೋಟೀನ್ ಅಂಟಿದ್ದರೆ ಹೀಗಾಗದು. ಮಾಸ್ ಸ್ಪೆಕ್ಟ್ರೋಮೀಟರ್ ಉತ್ತರ ಕೊಟ್ಟಿತು: ಎಟಿಜಿ8 ಅಂಟಿದ್ದು ಫಾಸ್ಫಟೈಡಿಲ್ ಎಥನೊಲಮೀನ್‌ಗೆ, ಪೊರೆಗಳಲ್ಲಿರುವ ಒಂದು ಕೊಬ್ಬಿಗೆ. ಪ್ರೋಟೀನಿಗೆ ಪ್ರೋಟೀನ್ ಬೆಸೆಯುವುದಕ್ಕೆ ಹೆಸರಾದ ಕಿಣ್ವಕುಲ ಇಲ್ಲಿ ಪ್ರೋಟೀನನ್ನು ನೇರ ಪೊರೆಗೇ ನೆಟ್ಟಿತ್ತು. ಅಂಥದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ.

ಈ ಎರಡು ಬೆಸುಗೆಗಳೂ ಒಂದೇ ಕೆಲಸದ ಎರಡು ತುಂಡುಗಳು ಎಂದು 2007ರಲ್ಲಿ ತಿಳಿಯಿತು. ಎಟಿಜಿ12–ಎಟಿಜಿ5 ಜೋಡಿ ಎಟಿಜಿ8ಕ್ಕೆ ಇ3ಯಂತೆ ದುಡಿಯುತ್ತದೆ. ಒಂದು ಬೆಸುಗೆಯ ಫಲವೇ ಇನ್ನೊಂದು ಬೆಸುಗೆಯ ಕಿಣ್ವ.

2011ರಲ್ಲಿ ಎಟಿಜಿ7ರ ರಚನೆ ಸಿಕ್ಕಿತು. ಅದನ್ನು ಬಿಡಿಸಿದವರಲ್ಲಿ ಜಪಾನಿನ ನೊಬುವೊ ನೋಡಾ, ಅಮೆರಿಕದ ಬ್ರೆಂಡಾ ಶುಲ್ಮನ್ ಅವರ ತಂಡಗಳೂ ಇದ್ದವು. ಎರಡು ಎಟಿಜಿ7 ಅಣುಗಳು ಬಾಲದ ಕಡೆಯಿಂದ ಜೋಡಿಯಾಗಿ ನಿಲ್ಲುತ್ತವೆ. ಎಟಿಜಿ8 ಕೂರುವುದು ಒಂದರ ಸಿಸ್ಟೀನ್ ಮೇಲೆ, ಅದನ್ನು ಪಡೆಯುವ ಎಟಿಜಿ3 ನಿಂತಿರುವುದು ಎದುರಿನದರ ತಲೆಯ ಭಾಗಕ್ಕೆ ಒರಗಿ. ತಾರಸಿ ಹಾಕುವ ದಿನ ಕಾಂಕ್ರೀಟಿನ ಬಾಂಡ್ಲಿ ಎದುರಿನವರ ಕೈಗೆ ದಾಟುವಂತೆ ಎಟಿಜಿ8 ಒಂದರಿಂದ ಇನ್ನೊಂದರ ಕಡೆಗೆ ದಾಟುತ್ತದೆ. ಹಾಗಾಗಿ ಎಟಿಜಿ7ಕ್ಕೆ ಜೋಡಿ ಅನಿವಾರ್ಯ.

ಇದು ಯೀಸ್ಟಿಗಷ್ಟೇ ಸೀಮಿತವಲ್ಲ. ಎಟಿಜಿ5 ಇಲ್ಲದ ಇಲಿಮರಿಗಳು ಹುಟ್ಟಿದ ದಿನವೇ ಸಾಯುತ್ತವೆ ಎಂದು 2004ರಲ್ಲಿ ತೋರಿಸಿದವರೂ ಮಿಜುಶಿಮಾ ತಂಡದವರೇ. ಎಟಿಜಿ8ರ ನಮ್ಮ ದೇಹದ ಬಂಧು ಎಲ್‌ಸಿ3. ಕೊಬ್ಬು ಅಂಟಿದ ಅದರ ಪಟ್ಟಿಯನ್ನು ಜೆಲ್‌ನಲ್ಲಿ ನೋಡಿಯೇ ಇಂದು ಜಗತ್ತಿನ ಪ್ರಯೋಗಾಲಯಗಳು ಆಟೋಫೇಜಿಯನ್ನು ಅಳೆಯುತ್ತವೆ.

2016ರಲ್ಲಿ ಓಸುಮಿ ಒಬ್ಬರಿಗೇ ವೈದ್ಯಕೀಯ ನೊಬೆಲ್ ಬಂತು. ಅಂದಿನಿಂದ, ಉಪವಾಸದ ಲಾಭ ಕಂಡುಹಿಡಿದದ್ದಕ್ಕೆ ನೊಬೆಲ್ ಬಂತು, ಏಕಾದಶಿಗೆ ವಿಜ್ಞಾನದ ಮುದ್ರೆ ಬಿತ್ತು ಎಂಬ ಸಂದೇಶಗಳು ನಮ್ಮ ಮೊಬೈಲ್‌ಗಳಲ್ಲಿ ಓಡಾಡುತ್ತಿವೆ. ಉಪವಾಸ ಮಾಡುವವರು ಮಾಡಲಿ. ಆದರೆ ಆ ಪ್ರಶಸ್ತಿ ಸಂದದ್ದು ಯೀಸ್ಟಿನಲ್ಲಿ ಒಂದೊಂದೇ ಜೀನನ್ನು ಹುಡುಕಿ ಆಟೋಫೇಜಿಯ ಯಂತ್ರವನ್ನು ಬಿಡಿಸಿ ತೋರಿಸಿದ ಕೆಲಸಕ್ಕೆ. ಅಂಥ ಸಂದೇಶ ಮತ್ತೆ ಬಂದರೆ ದಯವಿಟ್ಟು ಮುಂದಕ್ಕೆ ಕಳಿಸುವ ಮೊದಲು ಇಷ್ಟನ್ನು ಸೇರಿಸಿ ಕಳಿಸಿ.