ವ್ಯವಹಾರದ ಪ್ರಯಾಣವೂ ಸಾರಥಿಯುಳ್ಳ ಕಾರೂ

ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿರುವ ಒಬ್ಬ ವರ್ತಕರಿಗೆ ಹೈದರಾಬಾದಿನಲ್ಲಿ ಬೆಳಗಿನ ಹತ್ತು ಗಂಟೆಗೆ ಸರಿಯಾಗಿ ಒಂದು ಕಾರ್ಯವಿದೆಯೆಂದು ಭಾವಿಸೋಣ. ಹತ್ತಿಯ ಮಾದರಿಯನ್ನೋ ಅಕ್ಕಿಯ ಮಾದರಿಯನ್ನೋ ಹಿಡಿದುಕೊಂಡು ಅವರು ದೊಡ್ಡ ಗಿರಾಕಿಗಳ ಎದುರಿಗೆ ಕುಳಿತುಕೊಳ್ಳಬೇಕಾಗಿದೆ. ಮಾತು ಕುದುರಿದರೆ ಒಂದು ವರ್ಷದ ವ್ಯಾಪಾರಕ್ಕೆ ನೆಲೆಯಾಯಿತು. ಹೊತ್ತು ಮೀರಿ ಹೋದರೆ, ಇಲ್ಲವೆ ದಣಿದ ಮೋರೆಯಿಂದ ಹೋದರೆ, ಆ ನೆಲೆಯು ಬೇರೊಬ್ಬರ ಪಾಲಾಗುವುದು. ರಾಯಚೂರಿನ ರೈಲ್ವೆ ಸ್ಟೇಷನ್ನು ಊರಿಗೆ ದೂರ. ಸಿಂಧನೂರಿಗೆ ೨೦೨೪ರಲ್ಲಿ ರೈಲು ಬಂದುದು ಸಂತೋಷದ ಸಂಗತಿಯೇ ಸರಿ. ಆದರೆ ಅದು ಬಂದುದು ಕೊಪ್ಪಳ ಹುಬ್ಬಳ್ಳಿಗಳ ದಿಕ್ಕಿನಿಂದ. ಬಸ್ಸುಗಳಿದ್ದರೂ ಅವು ನಮ್ಮ ಹೊತ್ತಿಗೆ ಹೊರಡತಕ್ಕವಲ್ಲ. ಹೀಗಿರಲು ಡ್ರೈವರನ್ನೊಳಗೊಂಡ ಒಳ್ಳೆಯ ಕಾರೊಂದನ್ನು ಬಾಡಿಗೆಗೆ ಹಿಡಿಯುವುದು ನಮ್ಮ ಸೀಮೆಯ ವ್ಯವಹಾರಸ್ಥರಿಗೆ ವೈಭವವೆನ್ನುವುದಕ್ಕಿಂತ ಅವಶ್ಯಕತೆಯೆನ್ನುವುದೇ ಯುಕ್ತ.

ಆದರೆ ಕಾರನ್ನು ಆರಿಸುವಾಗ ನಮ್ಮಲ್ಲಿ ಬಹುಮಂದಿ ಮೊದಲು ಕೇಳುವ ಪ್ರಶ್ನೆ ಯಾವುದು? ಕಾರು ಯಾವ ಕಂಪನಿಯದು, ಬಣ್ಣ ಯಾವುದು, ಒಳಗೆ ಚರ್ಮದ ಆಸನವಿದೆಯೆ ಎಂಬುದು. ಎರಡನೆಯ ಪ್ರಶ್ನೆ, ಕಿಲೋಮೀಟರಿಗೆ ಎಷ್ಟು ರೂಪಾಯಿ ಎಂಬುದು. ಡ್ರೈವರ್ ಯಾರು, ಹಿಂದಿನ ರಾತ್ರಿ ಆತನು ಮಲಗಿದ್ದನೆ ಇಲ್ಲವೆ ಎಂದು ಕೇಳುವವರು ಅಪರೂಪ. ಕೇಳಬೇಕಾದ ಕ್ರಮವು ಇದಕ್ಕೆ ತೀರ ವಿಪರೀತವಾದುದೆಂದು ತಿಳಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಹಿರಿಯರಿಗೆ ಈ ತತ್ತ್ವವು ಅಪರಿಚಿತವಾಗಿರಲಿಲ್ಲ. ಭಾರತದ ಕಥೆಯಲ್ಲಿ ಅರ್ಜುನನು ನಾರಾಯಣೀ ಸೇನೆಯನ್ನು ಬಿಟ್ಟು ಸಾರಥಿಯಾಗುವ ಕೃಷ್ಣನನ್ನು ಆರಿಸಿಕೊಂಡನು. ಕರ್ಣನಿಗೆ ರಥದಲ್ಲಿ ಕೊರತೆಯಿರಲಿಲ್ಲ. ಶಲ್ಯನ ಮನಸ್ಸಿನಲ್ಲಿ ಕೊರತೆಯಿತ್ತು. ಇದಕ್ಕೆ ಹೊಂದುವ ಇನ್ನೊಂದು ಸಂಗತಿಯು ನಮ್ಮ ಹಳೆಯ ರಾಜಧಾನಿಯಲ್ಲಿಯೇ ಉಂಟು. ಹೈದರಾಬಾದಿನ ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲೀ ಖಾನರು ಸಿಂಹಾಸನದಂತಹ ಆಸನವುಳ್ಳ ಒಂದು ರೋಲ್ಸ್‌ರಾಯ್ಸ್ ಕಾರಿಗೆ ಅಪ್ಪಣೆ ಕೊಟ್ಟಿದ್ದರು. ೧೯೧೧ರಲ್ಲಿ ಅವರು ತೀರಿಕೊಂಡರು. ಗಾಡಿಯು ಅವರ ಮಗನ ಕಾಲಕ್ಕೆ ಬಂದು ಸೇರಿತು. ಅದು ಮೆರವಣಿಗೆಗಳಲ್ಲಿ ಕೆಲವು ನೂರು ಮೈಲಿ ಓಡಿ ನಿಂತಿತು. ಚೌಮಹಲ್ಲಾ ಅರಮನೆಯಲ್ಲಿ ಅದನ್ನು ಪ್ರದರ್ಶನಕ್ಕೆ ಇರಿಸಿದ್ದಾರೆ. ನೋಡುವುದಕ್ಕೆ ಬಲು ಸೊಗಸು. ಆದರೆ ವರ್ತಕನಿಗೆ ಬೇಕಾದುದು ನೋಡುವ ಗಾಡಿಯಲ್ಲ, ಹೊತ್ತಿಗೆ ಮುಟ್ಟಿಸಿ ಸುರಕ್ಷಿತವಾಗಿ ಮನೆಗೆ ಮರಳಿಸುವ ಗಾಡಿ.

ಆದುದರಿಂದ ಡ್ರೈವರಿನ ವಿಷಯವನ್ನೇ ಮೊದಲು ನೋಡೋಣ. ನಾವು ಹೇಳಿದ ವರ್ತಕರು ಹತ್ತು ಗಂಟೆಗೆ ಹೈದರಾಬಾದನ್ನು ಸೇರಬೇಕಾದರೆ, ರಾಯಚೂರಿನಿಂದಲೇ ಸುಮಾರು ೨೦೦ ಕಿಲೋಮೀಟರು ದಾರಿಯಿರುವುದರಿಂದ, ಬೆಳಗಿನ ಜಾವ ಮೂರೋ ನಾಲ್ಕೋ ಗಂಟೆಗೆ ಊರು ಬಿಡಬೇಕಾಗುವುದು. ಮನುಷ್ಯದೇಹಕ್ಕೆ ನಿದ್ರೆಯ ಒತ್ತಡವು ಅತ್ಯಂತ ಹೆಚ್ಚಾಗಿರುವ ಹೊತ್ತು ರಾತ್ರಿ ಎರಡರಿಂದ ಬೆಳಗಿನ ಆರರ ವರೆಗೆ. ಊಟವಾದ ಮೇಲಿನ ಮಧ್ಯಾಹ್ನವು ಎರಡನೆಯದು. ಹದಿನೇಳು ಗಂಟೆಗಳ ಕಾಲ ಎಚ್ಚರವಾಗಿದ್ದವನ ಚುರುಕುತನವು, ರಕ್ತದಲ್ಲಿ ನೂರು ಮಿಲಿಲೀಟರಿಗೆ ೫೦ ಮಿಲಿಗ್ರಾಮು ಮದ್ಯವಿರುವವನ ಚುರುಕುತನಕ್ಕೆ ಸಮನಾಗಿ ಇಳಿಯುವುದೆಂದು ಶಾಸ್ತ್ರಜ್ಞರು ಪರೀಕ್ಷೆಗಳಿಂದ ತೋರಿಸಿದ್ದಾರೆ. ನಮ್ಮ ದೇಶದ ಕಾನೂನು ಗಾಡಿ ನಡೆಸುವವನಿಗೆ ವಿಧಿಸಿರುವ ಮಿತಿಯು ೩೦ ಮಿಲಿಗ್ರಾಮು ಮಾತ್ರ. ಕುಡಿದವನ ಗಾಡಿಯನ್ನು ನಾವು ಹತ್ತುವುದಿಲ್ಲ. ನಿದ್ದೆಗೆಟ್ಟವನ ಗಾಡಿಯನ್ನು ಮಾತ್ರ ನಿಶ್ಚಿಂತೆಯಿಂದ ಹತ್ತಿ ಹಿಂದೆ ಕುಳಿತು ಗೊರಕೆ ಹೊಡೆಯುತ್ತೇವೆ. ಮದುವೆಯ ದಿಬ್ಬಣವೊಂದನ್ನು ಮುಟ್ಟಿಸಿ ನಡುರಾತ್ರಿಯಲ್ಲಿ ಬಂದವನನ್ನೇ ನಸುಕಿನಲ್ಲಿ ಎಬ್ಬಿಸಿ ಕಳುಹಿಸುವ ಪದ್ಧತಿಯು ಬಾಡಿಗೆಯ ವ್ಯವಹಾರದಲ್ಲಿ ಹೊಸದೇನೂ ಅಲ್ಲ. ೧೯೬೧ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ಪ್ರಾಯಸ್ಥನಾದ ಕಾರ್ಮಿಕನಿಗೆ ದಿನಕ್ಕೆ ೮ ಗಂಟೆ, ವಾರಕ್ಕೆ ೪೮ ಗಂಟೆ ಎಂದು ಸಾಮಾನ್ಯವಾದ ಮಿತಿಯನ್ನು ಹಾಕಿತು. ಅದರ ಹಿಂದಿದ್ದ ವಿವೇಕವು ಒಬ್ಬನೇ ಡ್ರೈವರಿರುವ ಒಂದೇ ಕಾರಿಗೂ ಸಲ್ಲುವುದು.

ಹಾಗಾದರೆ ಮಾಡತಕ್ಕದ್ದೇನು? ಕಾರನ್ನು ಗೊತ್ತುಮಾಡುವಾಗಲೇ ಬರುವ ಡ್ರೈವರಿನ ಹೆಸರನ್ನೂ ಫೋನ್ ನಂಬರನ್ನೂ ಕೇಳಿಕೊಂಡು, ಹಿಂದಿನ ದಿನ ಆತನೊಡನೆ ತಾವೇ ಮಾತನಾಡಬೇಕು. “ಅಣ್ಣಾ, ನಿನ್ನೆ ರಾತ್ರಿ ಎಲ್ಲಿದ್ದೆ? ಈ ದಾರಿಯಲ್ಲಿ ಮೊದಲು ಹೋಗಿದ್ದೀಯಾ?” ಎಂಬ ಎರಡು ಮಾತುಗಳಿಂದ ಬಹಳ ವಿಷಯ ತಿಳಿಯುವುದು. ಸಾಧ್ಯವಾದಲ್ಲೆಲ್ಲ ಹಿಂದಿನ ದಿನವೇ ಬೆಳಕಿರುವಾಗ ಹೊರಟು, ಹೋಗುವ ಊರಿನಲ್ಲಿ ರಾತ್ರಿ ತಂಗುವುದು ಉತ್ತಮ. ಒಂದು ರಾತ್ರಿಯ ವಸತಿಯ ವೆಚ್ಚವು ನಷ್ಟವೆಂದು ತೋರಬಹುದು. ಆದರೆ ನಮ್ಮ ಸೀಮೆಯ ದಾರಿಯನ್ನು ಬಲ್ಲವರು ಹಾಗೆನ್ನಲಾರರು. ಸುಗ್ಗಿಯ ಕಾಲದಲ್ಲಿ ಹಿಂದೀಪವಿಲ್ಲದ ಟ್ರಾಕ್ಟರಿನ ಟ್ರೇಲರುಗಳು ಭತ್ತವನ್ನೂ ಹತ್ತಿಯನ್ನೂ ಹೇರಿಕೊಂಡು ಕತ್ತಲಲ್ಲಿ ಸಾಗುತ್ತಿರುತ್ತವೆ. ಕೆಲವು ಕಡೆ ರಸ್ತೆಯ ಮೇಲೆಯೇ ಕಾಳನ್ನು ಹರವಿ ಅಂಚಿಗೆ ಕಲ್ಲುಗಳನ್ನು ಇಟ್ಟಿರುತ್ತಾರೆ. ಇವುಗಳೆದುರಿಗೆ ಕಾರಿನ ಬೆಲೆಯು ಯಾವ ರಕ್ಷೆಯನ್ನೂ ಕೊಡದು.

ಎರಡನೆಯದಾಗಿ ಕಾಗದಪತ್ರಗಳು. ಬಾಡಿಗೆಗೆ ಓಡತಕ್ಕ ಟ್ಯಾಕ್ಸಿಯ ನಂಬರು ಹಲಗೆಯು ಹಳದಿ, ಅಕ್ಷರವು ಕಪ್ಪು. ವಿದ್ಯುತ್ತಿನಿಂದ ಓಡುವ ಟ್ಯಾಕ್ಸಿಯಾದರೆ ಹಸುರು ಹಲಗೆಯ ಮೇಲೆ ಹಳದಿಯ ಅಕ್ಷರ. ಬಿಳಿಯ ಹಲಗೆಯ ಕಾರು ಸ್ವಂತ ಉಪಯೋಗಕ್ಕೆ ಮಾತ್ರ. “ನಮ್ಮವರದೇ ಕಾರು, ಹೊಸದು, ಬಾಡಿಗೆಯೂ ಕಡಿಮೆ” ಎಂದು ಪರಿಚಯಸ್ಥರು ಬಿಳಿ ಹಲಗೆಯ ಕಾರನ್ನು ತಂದು ನಿಲ್ಲಿಸುವುದುಂಟು. ಪರ್ಮಿಟ್ಟಿಲ್ಲದೆ ಬಾಡಿಗೆಗೆ ಓಡಿಸಿದರೆ ದಂಡವು ಹತ್ತು ಸಾವಿರ ರೂಪಾಯಿ. ಗಾಡಿಯನ್ನು ನಡುದಾರಿಯಲ್ಲಿಯೇ ತಡೆದಿಡುವ ಅಧಿಕಾರವೂ ಅಧಿಕಾರಿಗಳಿಗೆ ಉಂಟು. ಹತ್ತು ಗಂಟೆಯ ಕಾರ್ಯವು ಅಲ್ಲಿಗೆ ಮುಗಿಯಿತು. ಇದಕ್ಕಿಂತ ಘೋರವಾದುದು ವಿಮೆಯ ತೊಡಕು. ಖಾಸಗಿ ಕಾರಿನ ವಿಮೆಯ ಪತ್ರದಲ್ಲಿ, ಬಾಡಿಗೆಗೆ ಕೊಟ್ಟು ಓಡಿಸಿದಲ್ಲಿ ರಕ್ಷಣೆಯಿಲ್ಲವೆಂಬ ಕರಾರು ಇರುತ್ತದೆ. ಅಪಘಾತವಾದಾಗ ಈ ಕರಾರನ್ನು ಮುಂದೊಡ್ಡಿ ಕಂಪನಿಯು ತಕರಾರು ಎತ್ತಿದರೆ, ಕೋರ್ಟಿಗೆ ಅಲೆಯತಕ್ಕವರು ಗಾಡಿಯಲ್ಲಿ ಕುಳಿತವರ ಹೆಂಡತಿ ಮಕ್ಕಳೇ. ಉಳಿದ ಎರಡು ಮೂರು ಸಾವಿರ ರೂಪಾಯಿಗೆ ಇಷ್ಟು ದೊಡ್ಡ ಹೊಣೆಯನ್ನು ಮನೆಯವರ ತಲೆಯ ಮೇಲೆ ಹೊರಿಸುವುದು ಯಾವ ಗೃಹಸ್ಥನಿಗೂ ಒಪ್ಪದು.

ನಮ್ಮ ಕಡೆಯವರು ಇನ್ನೊಂದು ವಿಷಯವನ್ನು ನೆನಪಿಡಬೇಕು. ೧೯೫೬ನೆಯ ನವೆಂಬರ್ ೧ರ ವರೆಗೆ ರಾಯಚೂರು ಜಿಲ್ಲೆಯೂ ಹೈದರಾಬಾದು ನಗರವೂ ಒಂದೇ ರಾಜ್ಯಕ್ಕೆ ಸೇರಿದ್ದುವು. ಬಂಧುತ್ವವೂ ವ್ಯಾಪಾರವೂ ಇಂದಿಗೂ ಹಾಗೆಯೇ ನಡೆದು ಬಂದಿವೆ. ಆದರೆ ನಡುವೆ ಈಗ ರಾಜ್ಯದ ಗಡಿಯಿದೆ. ಕರ್ನಾಟಕದೊಳಗೆ ಮಾತ್ರ ಓಡುವ ಪರ್ಮಿಟ್ಟಿನ ಟ್ಯಾಕ್ಸಿಯು ತೆಲಂಗಾಣಕ್ಕೆ ಸಲ್ಲದು. ಅಖಿಲ ಭಾರತ ಪ್ರವಾಸಿ ಪರ್ಮಿಟ್ಟು ಇದೆಯೆ ಎಂದು ಮೊದಲೇ ಕೇಳತಕ್ಕದ್ದು. ಬಾಡಿಗೆಯ ಗಾಡಿಗೆ ಅರ್ಹತಾ ಪತ್ರವು, ಎಂದರೆ ಎಫ್.ಸಿ., ಎಂಟು ವರ್ಷ ತುಂಬುವ ವರೆಗೆ ಎರಡು ವರ್ಷಕ್ಕೊಮ್ಮೆಯೂ ಅನಂತರ ಪ್ರತಿವರ್ಷವೂ ಆಗಬೇಕು. ಸರ್ಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ಗಾಡಿಯ ನಂಬರನ್ನು ಹಾಕಿದರೆ ಅರ್ಹತಾ ಪತ್ರವೂ ವಿಮೆಯೂ ಎಂದಿನ ವರೆಗೆ ಇವೆಯೆಂಬುದು ಮನೆಯಲ್ಲಿ ಕುಳಿತೇ ತಿಳಿಯುವುದು. ಮನೆಯ ಮಕ್ಕಳೂ ಎರಡು ನಿಮಿಷದಲ್ಲಿ ಮಾಡಿಕೊಡಬಲ್ಲ ಕೆಲಸವಿದು.

ಇಷ್ಟಾದ ಮೇಲೆ ಕಾರಿನ ಜಾತಿಯ ಮಾತು. ಬೆಂಗಳೂರಿನ ವಿಮಾನನಿಲ್ದಾಣದಿಂದ ಹೋಟೆಲಿಗೆ ಹೋಗುವವರಿಗೆ ಜರ್ಮನಿಯ ಉದ್ದನೆಯ ಕಾರು ಬಹು ಸುಖಕರ. ಪಾಮನಕಲ್ಲೂರಿಗೆ ಬಂದು ಹೋಗತಕ್ಕ ಕಾರಿಗೆ ಬೇರೆ ಗುಣಗಳು ಬೇಕು. ನಮ್ಮದು ಎರೆಭೂಮಿ, ಮಳೆಯಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವ ಈ ಮಣ್ಣಿನ ಮೇಲೆ ಹಾಸಿದ ರಸ್ತೆಯೂ ಅದರೊಡನೆ ಅಲುಗುತ್ತದೆ. ಊರೂರಿಗೂ ರಸ್ತೆಯುಬ್ಬುಗಳಿವೆ. ಹೊಟ್ಟೆ ನೆಲಕ್ಕೆ ತಾಗುವ ಕಾರು ಇಲ್ಲಿ ಅರ್ಧ ದಾರಿಯನ್ನು ತೆವಳಿಕೊಂಡೇ ಹೋಗಬೇಕಾದೀತು. ದಾರಿಯಲ್ಲಿ ಕೆಟ್ಟರೆ ಅದನ್ನು ಬಲ್ಲ ಮೆಕ್ಯಾನಿಕ್ಕು ದೊಡ್ಡ ನಗರದಿಂದಲೇ ಬರಬೇಕು. ಬೆಂಗಳೂರಿನ ಬಳಿಯ ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಕಾರು ೨೦೦೫ರಿಂದ ದೂರದ ಪ್ರಯಾಣಿಕರ ಮೆಚ್ಚಿಗೆಯನ್ನು ಪಡೆದುದಕ್ಕೆ ಕಾರಣವು ಬೆಡಗಲ್ಲ: ನೆಲದಿಂದ ಎತ್ತರ, ಹಿಂದಿನ ಸಾಲಿಗೂ ತಂಪು ಗಾಳಿ, ಕಾಲು ಚಾಚಲು ಸ್ಥಳ, ಎಲ್ಲೆಡೆಯಲ್ಲಿಯೂ ದುರಸ್ತಿಯ ಸೌಕರ್ಯ. ಒಬ್ಬರೋ ಇಬ್ಬರೋ ಹೋಗುವುದಾದರೆ ಒಳ್ಳೆಯ ಸೆಡಾನ್ ಕಾರು ಸಾಕು. ಆದರೆ ಗ್ಯಾಸಿನಿಂದ ಓಡುವ ಟ್ಯಾಕ್ಸಿಗಳಲ್ಲಿ ಸಿಲಿಂಡರು ಡಿಕ್ಕಿಯ ಬಹುಭಾಗವನ್ನು ನುಂಗಿರುವುದರಿಂದ, ಮಾದರಿಯ ಚೀಲಗಳನ್ನು ಒಯ್ಯುವವರು ಮೊದಲೇ ವಿಚಾರಿಸಿಕೊಳ್ಳಬೇಕು. ಬೆಂಗಳೂರಿನಿಂದ ಗಿರಾಕಿಗಳು ಅಕ್ಕಿಗಿರಣಿಯನ್ನು ನೋಡಲು ಬರುವಾಗಲೂ ಸುಮಾರು ೪೦೦ ಕಿಲೋಮೀಟರಿನ ಆ ದಾರಿಗೆ ಇದೇ ವಿವೇಚನೆಯು ಸಲ್ಲುವುದು. ಬೆನ್ನು ನೋಯದೆ ಇಳಿದ ಅತಿಥಿಯು ಕಾರಿನ ಹೆಸರನ್ನು ಕೇಳುವುದಿಲ್ಲ.

ರಾಯಚೂರು ಸೀಮೆಯ ಬಿಸಿಲು ಟೈರಿಗೆ ಶತ್ರು. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕೆಗಳಿರುತ್ತವೆ. ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ತಿಳಿಸುತ್ತವೆ. ೨೩೨೪ ಎಂದಿದ್ದರೆ ೨೦೨೪ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಟೈರು ಹಳೆಯದಾಗಿ ಬಿರುಕು ಬಿಟ್ಟಿದ್ದರೂ, ಅದರ ಗೆರೆಗಳ ಆಳವು ೧.೬ ಮಿಲಿಮೀಟರಿಗಿಂತ ಸವೆದಿದ್ದರೂ ಆ ಕಾರನ್ನು ಹಿಂದಕ್ಕೆ ಕಳುಹಿಸುವುದಕ್ಕೆ ಸಂಕೋಚಪಡಬಾರದು.

ಸೀಟ್ ಬೆಲ್ಟಿನ ವಿಷಯವನ್ನು ಒತ್ತಿ ಹೇಳಬೇಕಾಗಿದೆ. ೨೦೨೨ನೆಯ ಸೆಪ್ಟೆಂಬರ್ ೪ರಂದು ಪ್ರಸಿದ್ಧ ಉದ್ಯಮಿ ಸೈರಸ್ ಮಿಸ್ತ್ರಿಯವರು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ಕಾರಿನ ಅಪಘಾತದಿಂದ ಮೃತರಾದರು. ಕಾರು ಮರ್ಸಿಡಿಸ್, ಅವರು ಕುಳಿತಿದ್ದುದು ಹಿಂದಿನ ಆಸನದಲ್ಲಿ, ಬೆಲ್ಟು ಕಟ್ಟಿರಲಿಲ್ಲವೆಂದು ಪೋಲೀಸರು ತಿಳಿಸಿದರು. ಮುಂದಿನ ಆಸನದಲ್ಲಿದ್ದ ಇಬ್ಬರು ಗಾಯಗೊಂಡರೂ ಬದುಕಿದರು. ಬೆಲ್ಟು ಮುಂದಿನವರಿಗೆ ಮಾತ್ರವೆಂಬ ಭ್ರಮೆಯು ಇದರಿಂದಾದರೂ ಹೋಗಬೇಕು. ಹಿಂದೆ ಕುಳಿತವರೂ ಕಟ್ಟಬೇಕೆಂಬುದು ಕಾನೂನು; ತಪ್ಪಿದರೆ ಸಾವಿರ ರೂಪಾಯಿ ದಂಡ. ಆದರೆ ಎಷ್ಟೋ ಟ್ಯಾಕ್ಸಿಗಳಲ್ಲಿ ಸೀಟಿನ ಕವರು ಹಿಂದಿನ ಬೆಲ್ಟಿನ ಕೊಂಡಿಯನ್ನು ಮುಚ್ಚಿಬಿಟ್ಟಿರುತ್ತದೆ. ಕಾರು ಮನೆಯ ಮುಂದೆ ಬಂದು ನಿಂತೊಡನೆ ಅದನ್ನು ಹೊರಗೆ ತೆಗೆಯಿಸಿ, ಕಟ್ಟಿ ನೋಡಿದ ಮೇಲೆಯೇ ಸಾಮಾನನ್ನು ಏರಿಸಬೇಕು.

ಇನ್ನು ಹಣದ ಲೆಕ್ಕ. ಹೊರಊರಿನ ಬಾಡಿಗೆಯಲ್ಲಿ ದಿನಕ್ಕೆ ಇಷ್ಟು ಕಿಲೋಮೀಟರು ಎಂಬ ಕನಿಷ್ಠ ಕರಾರು ಇರುತ್ತದೆ. ಒಬ್ಬನು ಕಿಲೋಮೀಟರಿಗೆ ೧೪ ರೂಪಾಯಿ, ದಿನಕ್ಕೆ ಕನಿಷ್ಠ ೩೦೦ ಕಿಲೋಮೀಟರು ಎನ್ನುತ್ತಾನೆ. ಇನ್ನೊಬ್ಬನು ೧೬ ರೂಪಾಯಿ, ಕನಿಷ್ಠ ೨೫೦ ಎನ್ನುತ್ತಾನೆ ಎಂದು ಇಟ್ಟುಕೊಳ್ಳಿ. ಎರಡು ದಿನಗಳಲ್ಲಿ ನೀವು ಓಡಿದುದು ೪೫೦ ಕಿಲೋಮೀಟರಾದರೆ, ಮೊದಲನೆಯವನಿಗೆ ೬೦೦ ಕಿಲೋಮೀಟರಿನ ೮,೪೦೦ ರೂಪಾಯಿ, ಎರಡನೆಯವನಿಗೆ ೫೦೦ ಕಿಲೋಮೀಟರಿನ ೮,೦೦೦ ರೂಪಾಯಿ. ದರ ಕಡಿಮೆಯೆಂದವನೇ ದುಬಾರಿಯಾದನು! ಕಾರು ರಾಯಚೂರಿನಿಂದಲೋ ಸಿಂಧನೂರಿನಿಂದಲೋ ಬರುವುದಾದರೆ, ಲೆಕ್ಕವು ನಮ್ಮ ಮನೆಯಿಂದ ಆರಂಭವಾಗುವುದೋ ಅವರ ಶೆಡ್ಡಿನಿಂದಲೋ ಎಂಬುದನ್ನೂ, ಟೋಲು, ಪಾರ್ಕಿಂಗು, ಡ್ರೈವರಿನ ದಿನದ ಮತ್ತು ರಾತ್ರಿಯ ಭತ್ಯ ಇವು ಸೇರಿವೆಯೋ ಹೊರಗೋ ಎಂಬುದನ್ನೂ ಬರಹದಲ್ಲಿಯೇ ಪಡೆಯತಕ್ಕದ್ದು. ವ್ಯಾಪಾರದ ಖರ್ಚಾದುದರಿಂದ ಸರಿಯಾದ ಬಿಲ್ಲನ್ನೂ ಮೊದಲೇ ಕೇಳಿಡಬೇಕು.

ಕಡೆಯದಾಗಿ, ಡ್ರೈವರನ್ನು ನಡೆಸಿಕೊಳ್ಳುವ ರೀತಿ. ತಾವು ಹೋಟೆಲಿನ ಮಂಚದ ಮೇಲೆ ಮಲಗಿ, ಆತನನ್ನು ಕಾರಿನಲ್ಲಿಯೇ ಮುದುಡಿಕೊಳ್ಳಲು ಬಿಡುವವರು ನಾಳಿನ ತಮ್ಮ ಅಪಾಯವನ್ನು ತಾವೇ ಕೊಂಡುಕೊಳ್ಳುತ್ತಾರೆ. ಎಂಜಿನನ್ನು ಓಡಿಸಿ ಗಾಜು ಮುಚ್ಚಿ ಮಲಗಿದರೆ ವಿಷವಾಯುವಿನಿಂದ ಪ್ರಾಣಕ್ಕೂ ಭಯ. ಆತನಿಗೆ ಹಾಸಿಗೆಯನ್ನೂ ಹೊತ್ತಿಗೆ ಊಟವನ್ನೂ ಗೊತ್ತುಮಾಡುವುದು ಧರ್ಮವೂ ಹೌದು, ಲಾಭವೂ ಹೌದು. “ಇನ್ನೂ ಬೇಗ, ಇನ್ನೂ ಬೇಗ” ಎಂದು ಹಿಂದಿನಿಂದ ಅವಸರಪಡಿಸಬಾರದು. ನಮ್ಮ ತಡಕ್ಕೆ ಆತನು ಹೊಣೆಯಲ್ಲ. ಹೊರಡುವಾಗ ಗಾಡಿಯ ನಂಬರನ್ನೂ ಡ್ರೈವರಿನ ನಂಬರನ್ನೂ ಮನೆಯಲ್ಲಿ ಬರೆದಿಟ್ಟು ಹೋಗುವುದನ್ನು ಮರೆಯಬಾರದು.

ನಮ್ಮ ವರ್ತಕರು ಹಿಂದಿನ ಮಧ್ಯಾಹ್ನವೇ ಹೊರಟು, ರಾತ್ರಿ ತಂಗಿ, ಬೆಳಗ್ಗೆ ಸ್ನಾನ ಮುಗಿಸಿ ಹತ್ತಕ್ಕೆ ಹತ್ತು ನಿಮಿಷವಿರುವಾಗ ಬಾಗಿಲಲ್ಲಿ ಇಳಿದರೆನ್ನಿ. ಅವರು ಬಂದ ಕಾರಿನ ಹೆಸರು ಒಳಗಿದ್ದವರಿಗೆ ತಿಳಿಯದು. ಅವರ ಮುಖದ ಪ್ರಸನ್ನತೆಯು ತಿಳಿಯುವುದು. ವ್ಯಾಪಾರವು ಕುದುರುವುದೂ ಬಿಡುವುದೂ ಅನೇಕ ಕಾರಣಗಳಿಂದ. ಆದರೆ ಮರುದಿನ ದೀಪ ಹಚ್ಚುವ ಹೊತ್ತಿಗೆ ಪಾಮನಕಲ್ಲೂರಿನ ಮನೆಯ ಮುಂದೆ ಕಾರು ಬಂದು ನಿಂತು, ಬಾಗಿಲಲ್ಲಿ ಕಾದಿದ್ದವರು “ಬಂದಿರಾ?” ಎಂದು ಕೇಳಿದಾಗ ಆಗುವ ಸಮಾಧಾನವು, ಸರಿಯಾದ ಪ್ರಶ್ನೆಗಳನ್ನು ಸರಿಯಾದ ಕ್ರಮದಲ್ಲಿ ಕೇಳಿದವರಿಗೆ ಬಹುಮಟ್ಟಿಗೆ ಕೈಗೂಡತಕ್ಕದ್ದೇ ಆಗಿದೆ.