ಲಾಗಕ್ಕೂ ಮೊದಲಿನ ಹೆಜ್ಜೆಗಳು

ಲಾಗ ಹೊಡೆಯುವ ಹುಲಿಗೆ ಶಿಳ್ಳೆ ಬೀಳುತ್ತದೆ. ಅದಕ್ಕೂ ಮೊದಲಿನ ಸಣ್ಣ ಹೆಜ್ಜೆಗಳೇ ಹುಲಿವೇಷ ತಂಡದ ನಿಜವಾದ ಆಸ್ತಿ.

ಕೃಷ್ಣಾಷ್ಟಮಿ ಬಂತೆಂದರೆ ಉಡುಪಿ ಸೀಮೆಯ ಪೇಟೆಗಳಲ್ಲಿ ತಾಸೆಯದ್ದೇ ಸದ್ದು. ರಾಷ್ಟ್ರೀಯ ಹೆದ್ದಾರಿ 66ರ ಕಟಪಾಡಿಯಲ್ಲೂ ಅಂಗಡಿ ಮುಂದೆ ತಾಸೆ, ಡೋಲು ಮೊಳಗಿದರೆ ಲೆಕ್ಕ ಬರೆಯುತ್ತಿದ್ದವರು ಪುಸ್ತಕ ಮುಚ್ಚಿ ಹೊರಗೆ ಬರುತ್ತಾರೆ. ಇಲ್ಲಿ ವೇಷ ಹಾಕುವುದು ಬರೀ ಮೋಜಲ್ಲ, ಹರಕೆಯೂ ಹೌದು. ಈ ಊರಿನ ಕಟ್ಟಡ ಕಾರ್ಮಿಕ ರವಿ ಕಟಪಾಡಿ ಅಷ್ಟಮಿಗೆ ವಿಚಿತ್ರ ವೇಷ ತೊಟ್ಟು, ಕೂಡಿದ ಹಣವನ್ನು ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಕೊಡುತ್ತ ಬಂದಿರುವುದು ನಾಡಿಗೇ ಗೊತ್ತು.

ಊದು, ಬಣ್ಣ, ಮಂಡೆ

ಹಿಂದಿನ ದಿನವೇ ಊದು ಪೂಜೆ. ಧೂಪದ ಹೊಗೆಯ ನಡುವೆ ಹುಲಿಯ ಮಂಡೆ, ತೊಡುವ ಜಟ್ಟಿ (ಚಡ್ಡಿ) ಇಟ್ಟು ಕೈಮುಗಿಯುತ್ತಾರೆ. ಆಮೇಲೆ ಬಣ್ಣದ ಸರದಿ. ಮೊದಲು ಮೈಗೆಲ್ಲ ಒಂದು ಬಣ್ಣ, ಅದು ಒಣಗಿದ ಮೇಲೆ ಪಟ್ಟೆ ಅಥವಾ ಚುಕ್ಕೆ. ಕೆಲವು ತಂಡಗಳು ಕುರಿಯ ರೋಮವನ್ನೂ ಅಂಟಿಸುತ್ತವೆ. ವೇಷಧಾರಿ ಕೈಚಾಚಿ ಗಂಟೆಗಟ್ಟಲೆ ನಿಲ್ಲಬೇಕು. ಕೂತರೆ ಬಣ್ಣ ಕೆಡುತ್ತದೆ, ಒಣಗಿದರೆ ಚರ್ಮ ಬಿಗಿಯುತ್ತದೆ. ಅದೇ ಮೈಯಲ್ಲಿ ಮರುದಿನವಿಡೀ ಮನೆಮನೆಯ ಅಂಗಳದಲ್ಲಿ ಕುಣಿಯಬೇಕು.

ಅಂಗಳದಲ್ಲೊಂದು ಕ್ರಮ

ಪಳಗಿದ ತಂಡದ ಕುಣಿತಕ್ಕೆ ಕ್ರಮವಿದೆ. ತಾಸೆ ನಿಧಾನಕ್ಕೆ ಶುರುವಾಗುತ್ತದೆ. ಹುಲಿಗಳು ಸಾಲಾಗಿ ಬಂದು, ಮೊಣಕಾಲು ಬಗ್ಗಿಸಿ, ಭುಜ ಕುಣಿಸುತ್ತ ಸುತ್ತು ಹಾಕುತ್ತವೆ. ಪೆಟ್ಟು ಚುರುಕಾದಂತೆ ಹೆಜ್ಜೆ ಕಿರಿದಾಗುತ್ತದೆ. ಹೊಂಚು ಹಾಕುವುದು, ಪಂಜ ಎತ್ತುವುದು, ಎರಡು ಹುಲಿ ಎದುರಾಗಿ ಕೆಣಕುವುದು, ಮರಿಹುಲಿಯ ತುಂಟಾಟ, ಕೋವಿ ಹಿಡಿದ ಬೇಟೆಗಾರನ ಪ್ರವೇಶ, ಹೀಗೆ ಒಂದೊಂದೇ ಬಿಚ್ಚಿಕೊಳ್ಳುತ್ತದೆ. ನೆಲದ ನೋಟನ್ನು ಬಾಯಲ್ಲಿ ಎತ್ತುವುದು, ಕೈಮೇಲೆ ನಡೆಯುವುದು, ಲಾಗ ಆಮೇಲಿನದು. ಕೊನೆಗೆ ಅಕ್ಕಿಮುಡಿ. ಬೈಹುಲ್ಲಿನಲ್ಲಿ ಬಿಗಿದ, ಸುಮಾರು 40 ಕಿಲೋ ತೂಗುವ ಮುಡಿಯನ್ನು ಹಲ್ಲಲ್ಲಿ ಕಚ್ಚಿ ತಲೆಯ ಮೇಲಿಂದ ಹಿಂದಕ್ಕೆ ಎಸೆಯಬೇಕು. ಕುತ್ತಿಗೆಗೆ ಬಲ ಬರುವುದು ವರ್ಷಗಳ ಅಭ್ಯಾಸದಿಂದ.

ಇಂಗ್ಲೆಂಡಿನ ನಂಟರು

ಇಂಗ್ಲೆಂಡಿನ ಹಳ್ಳಿಗಳಲ್ಲೂ ಇಂಥದ್ದೇ ಬೀದಿ ಕುಣಿತವಿದೆ, ಮಾರಿಸ್. ಕಾಲಿಗೆ ಕಿರುಗೆಜ್ಜೆ, ಕೈಯಲ್ಲಿ ಕರವಸ್ತ್ರ ಅಥವಾ ಕೋಲು. 1448ರಲ್ಲೇ ಅದರ ದಾಖಲೆ ಸಿಗುತ್ತದೆ. ಬ್ಯಾಂಪ್ಟನ್ನಿನ ಹೆಜ್ಜೆ ಬೇರೆ, ಹೆಡಿಂಗ್ಟನ್ನಿನ ಹೆಜ್ಜೆ ಬೇರೆ. 1899ರ ಡಿಸೆಂಬರ್ 26ರಂದು ಸಂಗೀತಗಾರ ಸೆಸಿಲ್ ಶಾರ್ಪ್ ಹೆಡಿಂಗ್ಟನ್ನಿನ ತಂಡದ ಕುಣಿತ ಕಂಡು, ವಾದಕ ವಿಲಿಯಂ ಕಿಂಬರ್ ಅವರಿಂದ ಮಟ್ಟುಗಳನ್ನು ಬರೆದುಕೊಂಡರು. ಮುಂದೆ ಊರೂರಿನ ಹೆಜ್ಜೆಗಳನ್ನೂ ದಾಖಲಿಸಿದರು. ಕುಣಿಯುವವರು ಕಡಿಮೆಯಾಗಿದ್ದ ಕಾಲದಲ್ಲಿ ನಡೆದ ಆ ಕೆಲಸದಿಂದಲೇ ಇಂದಿನ ತಂಡಗಳಿಗೆ ಕಲಿಯಲು ಬೇಕಾದ್ದು ಉಳಿಯಿತು.

ನಮ್ಮ ಪಾಲಿನ ಕೆಲಸ

ನಮ್ಮಲ್ಲಿ ಕುಣಿಯುವವರಿಗೆ ಬರವಿಲ್ಲ. 2014ರ ‘ಉಳಿದವರು ಕಂಡಂತೆ’, 2021ರ ‘ಗರುಡ ಗಮನ ವೃಷಭ ವಾಹನ’ ಸಿನಿಮಾಗಳು ಹುಲಿಯನ್ನು ಕರಾವಳಿಯಾಚೆಗೂ ಕೊಂಡೊಯ್ದವು. ಉಡುಪಿಯಲ್ಲಿ ಹೆಣ್ಣುಮಕ್ಕಳೂ ಬಣ್ಣ ಹಚ್ಚಿದ್ದಾರೆ. ಇದೆಲ್ಲ ಸಂತೋಷವೇ. ಆದರೆ ಸ್ಪರ್ಧೆಯ ವೇದಿಕೆಯಲ್ಲಿ ಸಮಯ ಬಿಗಿ, ಮೊಬೈಲಿನ ವಿಡಿಯೋದಲ್ಲಿ ಇನ್ನೂ ಬಿಗಿ. ಎರಡೂ ಕಡೆ ಸಲ್ಲುವುದು ಲಾಗ ಮತ್ತು ಮುಡಿ. ಹೊಂಚಿನ ಹೆಜ್ಜೆ, ಬೇಟೆಗಾರ, ನಿಧಾನದ ತಾಸೆಗೆ ಅಲ್ಲಿ ಪುರುಸೊತ್ತಿಲ್ಲ. ಕುಣಿಯದ ಹೆಜ್ಜೆ ಒಂದೇ ತಲೆಮಾರಿನಲ್ಲಿ ಮರೆತುಹೋಗುತ್ತದೆ.

ಹಿರಿಯ ತಾಸೆಯವರನ್ನು ಕೂರಿಸಿ ಪ್ರತಿ ಪೆಟ್ಟನ್ನೂ ಧ್ವನಿಮುದ್ರಿಸಬೇಕು. ಒಂದೊಂದು ತಂಡದ ಪೂರ್ತಿ ಕುಣಿತವನ್ನು ಅಂಗಳದಲ್ಲೇ ಚಿತ್ರೀಕರಿಸಬೇಕು. ಸ್ಪರ್ಧೆಗಳಲ್ಲಿ ಹೆಜ್ಜೆಗೂ ತಾಳಕ್ಕೂ ಲಾಗದಷ್ಟೇ ಅಂಕ ಸಿಗಬೇಕು. ಮನೆಯವರ ಪಾಲಿನ ಕೆಲಸ ಇದಕ್ಕಿಂತ ಸುಲಭ. ಈ ಅಷ್ಟಮಿಗೆ ಹುಲಿಗಳು ಅಂಗಳಕ್ಕೆ ಬಂದಾಗ ಒಂದು ಲಾಗ ನೋಡಿ ನೋಟು ಕೊಟ್ಟು ಕಳಿಸಬೇಡಿ. ಮೊದಲಿಂದ ಕುಣಿಯಲು ಹೇಳಿ, ಕೊನೆಯವರೆಗೂ ನಿಂತು ನೋಡಿ.